ಅಜ್ಜನ ಕಾಲದ ಸಾಲುಮನೆ: ಯಾರಿಗೆ ಮಾರೋಣ, ಹೇಗೆ ಮಾರೋಣ?

ಚಾಮರಾಜಪೇಟೆಯ ನಮ್ಮ ಅಜ್ಜನ ಮನೆ 20 ಅಡಿ ಅಗಲ, 60 ಅಡಿ ಉದ್ದ. ಎರಡೂ ಪಕ್ಕದ ಗೋಡೆ ನೆರೆಮನೆಯವರ ಜೊತೆ ಹಂಚಿಕೊಂಡದ್ದು. ಅವರು ಆ ಕಡೆ ಮೊಳೆ ಹೊಡೆದರೆ ಈ ಕಡೆ ನಮ್ಮ ದೇವರ ಪಟ ಅಲುಗುತ್ತಿತ್ತು. ಮುಂದೆ ಜಗಲಿ, ಆಮೇಲೆ ಹಜಾರ, ನಡುಮನೆ, ಅಡುಗೆಮನೆ, ಹಿತ್ತಲು. ಮೇಲೆ ಮದ್ರಾಸ್ ತಾರಸಿ, ಅಂದರೆ ಮರದ ತೊಲೆಯ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಕಿದ ಚಾವಣಿ. ಅಜ್ಜ, ಅಜ್ಜಿ ಹೋದ ಮೇಲೆ ಮನೆ ಐದು ಜನರ ಹೆಸರಿಗೆ ಬಂತು. ಮಾರಬೇಕು ಅಂತ ಒಪ್ಪಿಕೊಳ್ಳಲು ನಮಗೆ ಒಂದು ತಿಂಗಳು ಸಾಕಾಯಿತು. ಯಾರಿಗೆ, ಹೇಗೆ ಅಂತ ನಿರ್ಧರಿಸಲು ಎರಡು ವರ್ಷ ಹಿಡಿಯಿತು.

ಈಗ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆ ಕಡೆಯ ನೆಂಟರು, ಗೆಳೆಯರು ನನ್ನನ್ನು ಇದೇ ಪ್ರಶ್ನೆ ಕೇಳುತ್ತಾರೆ. "ಬಿಲ್ಡರ್ ಬಂದಿದ್ದಾರೆ, ಕೊಟ್ಟುಬಿಡೋಣವಾ? ಇಲ್ಲ ರಿಪೇರಿ ಮಾಡಿಸಿ ಮಾರೋಣವಾ? ಬಾಡಿಗೆಗೆ ಕೊಟ್ಟು ಇಟ್ಟುಕೊಳ್ಳೋಣವಾ?" ಅವರಿಗೆ ಬಾಯಲ್ಲಿ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ಲೆಕ್ಕ ಬೆಂಗಳೂರಿನದು. ಮೈಸೂರಿನ ಅಗ್ರಹಾರದ ಮನೆಗಳವರಿಗೂ ಬಹಳಷ್ಟು ಅನ್ವಯಿಸುತ್ತದೆ.

ಮೊದಲು ಒಂದು ಕಹಿ ಸತ್ಯ. ಹಳೇ ಬಡಾವಣೆಯಲ್ಲಿ ಕೊಳ್ಳುವವರು ಹಣ ಕೊಡುವುದು ಮಣ್ಣಿಗೆ. ಚಾಮರಾಜಪೇಟೆ 1892ರಲ್ಲಿ ಹುಟ್ಟಿದ್ದು. ಪೇಟೆಯ ಆಚೆ ಯೋಜನೆ ಹಾಕಿ ಕಟ್ಟಿದ ಮೊದಲ ಬಡಾವಣೆ ಅದು. 1898ರ ಪ್ಲೇಗ್ ಬಂದ ಮೇಲೆ ಜನ ಬಸವನಗುಡಿ, ಮಲ್ಲೇಶ್ವರಗಳ ಕಡೆ ಹೋದರು. ಆಗ ಊರಾಚೆ ಅನ್ನಿಸಿಕೊಂಡ ಜಾಗ ಈಗ ಊರಿನ ನಡುಮಧ್ಯ. ಹಾಗಾಗಿ ಸೈಟಿನ ಬೆಲೆ ಆಕಾಶಕ್ಕೆ ಏರಿದೆ. ಅದರ ಮೇಲಿನ ತೇಗದ ತೊಲೆ, ಕೆಂಪು ನೆಲ, ಕೆತ್ತನೆಯ ಬಾಗಿಲು ಇವಕ್ಕೆ ದಲ್ಲಾಳಿಗಳ ಲೆಕ್ಕದಲ್ಲಿ ಬೆಲೆಯೇ ಇಲ್ಲ. "ಅದನ್ನು ಒಡೆಯುವ ಖರ್ಚು ಕಳೆಯಬೇಕು ಸಾರ್" ಅಂತ ಒಬ್ಬರು ನಮ್ಮ ಚಿಕ್ಕಮ್ಮನ ಎದುರಿಗೇ ಹೇಳಿದರು. ಚಿಕ್ಕಮ್ಮನ ಕಣ್ಣಲ್ಲಿ ನೀರು ಬಂತು. ಮನೆಗೂ ಬೆಲೆ ಕೊಡುವ ಗಿರಾಕಿ ಇದ್ದಾರೆ. ಆದರೆ ಅವರನ್ನು ನಾವೇ ಹುಡುಕಬೇಕು, ಅದಕ್ಕೆ ಸಮಯ ಬೇಕು.

ಅಳೆಯುವ ಕೋಲು ಯಾವುದು?

ರೇಟು ಕೇಳುವ ಮೊದಲು ಮನೆಯವರೆಲ್ಲ ಕೂತು ಐದು ವಿಷಯ ಮಾತಾಡಿಕೊಳ್ಳಿ. ಬರೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಕೈಗೆ ಎಷ್ಟು ಬರುತ್ತದೆ ಅನ್ನುವುದು ಮೊದಲನೆಯದು. ಹೇಳುವ ರೇಟು ಬೇರೆ, ತೆರಿಗೆ, ದಲ್ಲಾಳಿ ಕಮಿಷನ್, ವಕೀಲರ ಫೀಸು ಎಲ್ಲ ಕಳೆದು ಪ್ರತಿಯೊಬ್ಬರ ಖಾತೆಗೆ ಬೀಳುವ ದುಡ್ಡು ಬೇರೆ.

ಎರಡನೆಯದು ಯಾವಾಗ ಬರುತ್ತದೆ ಅನ್ನುವುದು. ಮೂರು ತಿಂಗಳಾ, ಮೂರು ವರ್ಷವಾ? 78 ವರ್ಷದ ದೊಡ್ಡಮ್ಮನಿಗೆ ಇದಕ್ಕೆ ಒಂದು ಉತ್ತರ, 40 ವರ್ಷದ ಅವರ ಮಗನಿಗೆ ಇನ್ನೊಂದು.

ಮೂರನೆಯದು ಎಷ್ಟು ಜನರ ಸಹಿ ಬೇಕು. ಇಲ್ಲೇ ಹೆಚ್ಚಿನ ಮನೆಗಳು ಸಿಕ್ಕಿಹಾಕಿಕೊಳ್ಳುತ್ತವೆ. ಹಿಂದೂ ಉತ್ತರಾಧಿಕಾರ ಕಾನೂನಿಗೆ ಬಂದ 2005ರ ತಿದ್ದುಪಡಿ ಮತ್ತು ಸುಪ್ರೀಂ ಕೋರ್ಟಿನ 2020ರ ತೀರ್ಪು ಆದ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಗಂಡುಮಕ್ಕಳಷ್ಟೇ ಹಕ್ಕು. "ಅತ್ತೆಯರಿಗೆ ಮದುವೆಯಲ್ಲೇ ಕೊಟ್ಟಾಗಿದೆ" ಅನ್ನುವ ಮಾತು ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ನಡೆಯುವುದಿಲ್ಲ. ನಡೆಯಲೂಬಾರದು ಅಂತ ನನ್ನ ಅಭಿಪ್ರಾಯ. 2004ರ ಡಿಸೆಂಬರ್ 20ಕ್ಕೆ ಮೊದಲೇ ರಿಜಿಸ್ಟರ್ ಆದ ವಿಭಾಗ ಪತ್ರ ಇದ್ದರೆ ಮಾತು ಬೇರೆ. ಅಮೆರಿಕದಲ್ಲಿರುವವರು ಬರಲಾಗದಿದ್ದರೆ ಪವರ್ ಆಫ್ ಅಟಾರ್ನಿ ಮಾಡಿಸಬೇಕು. ಅದಕ್ಕೂ ಒಂದೆರಡು ತಿಂಗಳು ಇಟ್ಟುಕೊಳ್ಳಿ.

ನಾಲ್ಕನೆಯದು ಕಾಗದ ಎಷ್ಟು ಗಟ್ಟಿ ಅನ್ನುವುದು. ಮೂಲ ಪತ್ರ, ವಂಶವೃಕ್ಷ, ತೆರಿಗೆ ರಸೀದಿ, ಇ-ಖಾತಾ (ಪಾಲಿಕೆಯ ದಾಖಲೆಯಲ್ಲಿ ಆಸ್ತಿ ಯಾರ ಹೆಸರಲ್ಲಿದೆ ಅಂತ ತೋರಿಸುವ ಡಿಜಿಟಲ್ ಖಾತೆ), ಇಸಿ (ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರ, ಸಾಲ ತೋರಿಸುವ ಋಣಭಾರ ಪತ್ರ). ಬೆಂಗಳೂರಿನಲ್ಲಿ 2024ರ ಅಕ್ಟೋಬರ್‌ನಿಂದ ಇ-ಖಾತಾ ಇಲ್ಲದೆ ನೋಂದಣಿ ಆಗುವುದಿಲ್ಲ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ 2004ರ ಏಪ್ರಿಲ್‌ನಿಂದ ಈಚಿನ ಇಸಿ ಸಿಗುತ್ತದೆ. ಅದಕ್ಕೂ ಹಿಂದಿನದ್ದಕ್ಕೆ ಕಚೇರಿಗೇ ಹೋಗಿ ಕೈಬರಹದ ಪುಸ್ತಕ ಹುಡುಕಿಸಬೇಕು. ಖಾತೆ ಇನ್ನೂ ಅಜ್ಜನ ಹೆಸರಲ್ಲೇ ಇದ್ದರೆ ನಾಳೆಯೇ ಅರ್ಜಿ ಹಾಕಿ.

ಇನ್ನೊಂದು, ಮನೆ ಉಳಿಯಬೇಕಾ? ಇದಕ್ಕೆ ಪ್ರಾಮಾಣಿಕವಾಗಿ ಉತ್ತರಿಸಿ. ಉಳಿಯಲಿ ಅಂತ ಆಸೆ ಇದ್ದರೆ ಅದಕ್ಕಾಗಿ ಎಷ್ಟು ದುಡ್ಡು ಬಿಡಲು ತಯಾರಿದ್ದೀರಿ ಅಂತ ಒಂದು ಅಂಕಿ ಹೇಳಿ. ನಮ್ಮಲ್ಲಿ ಮೂವರು ಶೇಕಡಾ 10 ಅಂದರು, ಒಬ್ಬರು 5 ಅಂದರು, ಒಬ್ಬರು ಒಂದು ರೂಪಾಯಿಯೂ ಬಿಡಲ್ಲ ಅಂದರು. ಆ ಐದು ಉತ್ತರ ಮೇಜಿನ ಮೇಲೆ ಬಂದ ದಿನದಿಂದಲೇ ನಮ್ಮ ಮಾತು ಮುಂದೆ ಸಾಗಿದ್ದು.

ಅಳತೆಯನ್ನೂ ಇದೇ ಹೊತ್ತಿಗೆ ಮಾಡಿಸಿ. ಈ ಹಳೇ ಬಡಾವಣೆಗಳಲ್ಲಿ ಮನೆಗಳ ಹಿಂದೆ ಕನ್ಸರ್ವೆನ್ಸಿ ಲೇನ್, ಅಂದರೆ ಹಿಂದೆ ಕಸ, ಮಲ ಸಾಗಿಸಲು ಬಿಟ್ಟಿದ್ದ ಸಂದಿ ಇರುತ್ತದೆ. ಅದು ಪಾಲಿಕೆಯ ಜಾಗ. ಎಷ್ಟೋ ಮನೆಗಳ ಬಚ್ಚಲು ಆ ಸಂದಿಗೆ ಎರಡು ಮೂರು ಅಡಿ ಚಾಚಿಕೊಂಡಿದೆ. ಪತ್ರದಲ್ಲಿರುವ ಚೆಕ್ಕುಬಂದಿಗೂ ನೆಲದ ಮೇಲಿನ ಅಳತೆಗೂ ವ್ಯತ್ಯಾಸ ಬಂದರೆ ಕೊಳ್ಳುವವರ ವಕೀಲರು ಅದನ್ನೇ ಹಿಡಿದು ರೇಟು ಇಳಿಸುತ್ತಾರೆ. ಮೊದಲೇ ಗೊತ್ತಿದ್ದರೆ ನೀವೇ ಹೇಳಿಬಿಡಬಹುದು.

ಪಕ್ಕದ ಮನೆಯವರಿಗೆ

ಇದನ್ನು ಮೊದಲು ಇಟ್ಟಿದ್ದೇನೆ. ಎಲ್ಲರೂ ಮರೆಯುವುದು ಇದನ್ನೇ.

ಯೋಚಿಸಿ ನೋಡಿ. 20 ಅಡಿ ಅಗಲದ ಸೈಟು ಒಂಟಿಯಾಗಿ ಯಾರಿಗೂ ಅಷ್ಟು ಉಪಯೋಗ ಇಲ್ಲ. ಹಳೇ ಮನೆ ಸೈಟನ್ನು ಗೋಡೆಯಿಂದ ಗೋಡೆಗೆ ತುಂಬಿಕೊಂಡಿದೆ. ಅದನ್ನು ಒಡೆದು ಹೊಸದು ಕಟ್ಟುವವರು ಈಗಿನ ನಿಯಮದ ಪ್ರಕಾರ ಜಾಗ ಬಿಡಬೇಕು. ಕಾರು ನಿಲ್ಲಿಸಲು ಜಾಗ, ಮೆಟ್ಟಿಲಿಗೆ ಜಾಗ. ಉಳಿಯುವುದು ಒಂದು ಉದ್ದನೆಯ ಓಣಿ. ಅದೇ ಪಕ್ಕದ 20 ಅಡಿ ಸೇರಿ 40 ಅಡಿ ಆದರೆ ಎರಡೂ ಸೈಟಿನ ಯೋಗ್ಯತೆ ಬದಲಾಗುತ್ತದೆ. ಅಂದರೆ ನಿಮ್ಮ ಮನೆಗೆ ಅತಿ ಹೆಚ್ಚು ಬೆಲೆ ಕಟ್ಟಲು ಕಾರಣ ಇರುವವರು ಗೋಡೆಯ ಆ ಕಡೆ ಇದ್ದಾರೆ.

ಇನ್ನೊಂದು ಅನುಕೂಲ ಜಂಟಿ ಗೋಡೆಯದು. ಹೊರಗಿನವರು ಕೊಂಡು ಒಡೆಯಲು ಹೊರಟರೆ ಆ ಗೋಡೆಯ ಮೇಲೆ ಪಕ್ಕದವರ ತೊಲೆಯೂ ಕೂತಿರುತ್ತದೆ. ಅವರು ಕೋರ್ಟಿಗೆ ಹೋಗಿ ತಡೆ ತರಬಹುದು. ಮುಂಗಡ ಕೊಟ್ಟವರು ಆಗ ನಿಮ್ಮ ಬಾಗಿಲಿಗೆ ಬರುತ್ತಾರೆ. ಪಕ್ಕದವರೇ ಕೊಂಡರೆ ಈ ತಕರಾರೇ ಇಲ್ಲ. ಮನೆಯ ಇತಿಹಾಸ, ನೀರಿನ ಲೈನು, ಹಳೇ ಜಗಳ ಎಲ್ಲ ಅವರಿಗೆ ಗೊತ್ತು. ಕಾಗದ ನೋಡಲು ಹೆದರುವುದಿಲ್ಲ. ಎಷ್ಟೋ ಸಲ ದಲ್ಲಾಳಿಯೂ ಬೇಕಾಗುವುದಿಲ್ಲ.

ತೊಂದರೆ ಏನು? ಸಲುಗೆಯೇ ತೊಂದರೆ. "ನಮ್ಮವರೇ ಅಲ್ವಾ, ಸ್ವಲ್ಪ ನೋಡಿ ಮಾಡಿ" ಅನ್ನುತ್ತಾರೆ. ಆ 'ಸ್ವಲ್ಪ' 20 ಲಕ್ಷ ಆಗಿಬಿಡಬಹುದು. ಅದಕ್ಕೇ ಅವರ ಹತ್ತಿರ ಹೋಗುವ ಮೊದಲು ಹೊರಗಿನಿಂದ ಕನಿಷ್ಠ ಎರಡು ಆಫರ್ ತಂದಿಟ್ಟುಕೊಳ್ಳಿ. ಆಮೇಲೆ ಎಡಗಡೆಯವರನ್ನೂ ಬಲಗಡೆಯವರನ್ನೂ ಒಂದೇ ವಾರದಲ್ಲಿ ಕೇಳಿ. ಹೇಳುವ ಮಾತು ಒಂದೇ: "ಇಷ್ಟಕ್ಕೆ ಆಫರ್ ಬಂದಿದೆ. ನಿಮಗೆ ಬೇಕಿದ್ದರೆ ಮೊದಲು ನಿಮಗೆ. 30 ದಿನದಲ್ಲಿ ಹೇಳಿ." ಆ 30 ದಿನದ ಗಡುವನ್ನು ಪ್ರೀತಿಯಿಂದಲೇ ಹೇಳಿ, ಆದರೆ ಹೇಳಿ.

ನೆರೆಯವರಿಗೆ ಮಾರಿದರೆ ಮನೆ ಉಳಿಯುತ್ತದೆ ಅಂತ ಭಾವಿಸಬೇಡಿ. ಕೆಲವರು ಗೋಡೆ ತೆಗೆದು ಎರಡೂ ಮನೆ ಸೇರಿಸಿ ವಾಸ ಮಾಡುತ್ತಾರೆ, ಕೆಲವರು ಎರಡನ್ನೂ ಒಡೆಯುತ್ತಾರೆ.

ಒಡಹುಟ್ಟಿದವರಲ್ಲೇ ಒಬ್ಬರು ಕೊಳ್ಳುವುದೂ ಇದೇ ಸಾಲಿಗೆ ಸೇರುತ್ತದೆ. ಹಿಂದೂ ಉತ್ತರಾಧಿಕಾರ ಕಾನೂನಿನಲ್ಲಿ, ವಾರಸುದಾರರಲ್ಲಿ ಒಬ್ಬರು ತಮ್ಮ ಪಾಲು ಮಾರಲು ಹೊರಟರೆ ಉಳಿದವರಿಗೆ ಮೊದಲು ಕೊಳ್ಳುವ ಹಕ್ಕು ಇದೆ. ಅದನ್ನು ಬಿಟ್ಟು ಹೊರಗಿನವರಿಗೆ ಪಾಲು ಮಾರಲು ಹೋದವರು ವರ್ಷಗಟ್ಟಲೆ ಕೋರ್ಟು ಅಲೆಯುತ್ತಾರೆ.

ವಾಸಕ್ಕೆ ಕೊಳ್ಳುವವರಿಗೆ, ಇದ್ದ ಹಾಗೇ

ಮನೆಯನ್ನು ಮನೆ ಅಂತಲೇ ನೋಡುವ ಗಿರಾಕಿ ಇವರು. ಹೆಚ್ಚಾಗಿ ಇದೇ ಬಡಾವಣೆಯಲ್ಲಿ ಹುಟ್ಟಿ ಬೆಳೆದು ದೂರ ಹೋದವರು, ಮತ್ತೆ ವಾಪಸ್ ಬರಬೇಕು ಅನ್ನುವವರು. ರಾಮನವಮಿಗೆ ಕೋಟೆ ಹೈಸ್ಕೂಲ್ ಮೈದಾನದ ಸಂಗೀತಕ್ಕೆ ನಡೆದುಕೊಂಡು ಹೋಗಬೇಕು, ಸಾಹಿತ್ಯ ಪರಿಷತ್ತು ಹತ್ತಿರ ಇರಬೇಕು, ಮಾರ್ಕೆಟ್ಟಿಗೆ ಬಸ್ಸು ಬೇಡ ಅನ್ನುವವರು. ವಾಸ್ತುಶಿಲ್ಪಿಗಳು, ಕಲಾವಿದರು, ಚಿಕ್ಕ ಆಫೀಸು ಮಾಡಿಕೊಳ್ಳುವವರೂ ಬರುತ್ತಾರೆ.

ಇವರ ಜೊತೆ ವ್ಯವಹಾರ ನೆಮ್ಮದಿಯದು. ಆದರೆ ನಿಧಾನ. ಹೆಚ್ಚಿನವರಿಗೆ ಬ್ಯಾಂಕ್ ಸಾಲ ಬೇಕು. ಬ್ಯಾಂಕಿನ ವಕೀಲರು ಮಂಜೂರಾದ ಪ್ಲಾನ್ ಕೇಳುತ್ತಾರೆ. ನೂರು ವರ್ಷದ ಮನೆಗೆ ಎಲ್ಲಿಯ ಪ್ಲಾನ್? ಕಟ್ಟಡದ ವಯಸ್ಸು ನೋಡಿ ಮುಖ ಸಿಂಡರಿಸುವ ಬ್ಯಾಂಕುಗಳೂ ಇವೆ. ನಮಗೆ ಬಂದ ಒಳ್ಳೆಯ ಗಿರಾಕಿ ಒಬ್ಬರು ಹೀಗೇ ಕೈತಪ್ಪಿದರು. ಮೂರು ತಿಂಗಳು ಕಾದೆವು, ಸಾಲ ಆಗಲಿಲ್ಲ. ಅದಕ್ಕೇ ಮೊದಲ ಭೇಟಿಯಲ್ಲೇ ಕೇಳಿ: ಸ್ವಂತ ದುಡ್ಡು ಎಷ್ಟು, ಸಾಲ ಎಷ್ಟು? ಕೇಳಲು ಸಂಕೋಚ ಬೇಡ.

ರೇಟಿನಲ್ಲಿ ಇವರು ಬಿಲ್ಡರ್‌ಗಿಂತ ಕಡಿಮೆ ಇರುತ್ತಾರೆ ಅನ್ನುವುದು ಸಾಮಾನ್ಯ ನಂಬಿಕೆ. ಅಗಲದ ಸೈಟಿಗೆ, ದೊಡ್ಡ ರಸ್ತೆಯ ಮನೆಗೆ ಅದು ನಿಜ. ಅಡ್ಡರಸ್ತೆಯ ಕಿರಿದಾದ ಸಾಲುಮನೆಗೆ ಹಾಗೇನೂ ಇಲ್ಲ. ಬಿಲ್ಡರ್‌ಗೆ ಲೆಕ್ಕ ಕೂಡದ ಮನೆ ವಾಸಕ್ಕೆ ಬರುವವರಿಗೆ ಕೂಡುತ್ತದೆ. ಅವರು ಫ್ಲೋರ್ ಏರಿಯಾ ಲೆಕ್ಕ ಹಾಕುವುದಿಲ್ಲ, ನಡುಮನೆಗೆ ಬೀಳುವ ಬೆಳಕು ನೋಡುತ್ತಾರೆ.

ಬಿಲ್ಡರ್‌ಗೆ: ಪೂರ್ತಿ ಮಾರಾಟ ಅಥವಾ ಜಂಟಿ ಅಭಿವೃದ್ಧಿ

ಪೂರ್ತಿ ಮಾರಾಟದ ಬಗ್ಗೆ ಹೇಳುವುದು ಕಡಿಮೆ. ದುಡ್ಡು ಬೇಗ ಬರುತ್ತದೆ, ಬ್ಯಾಂಕ್ ಸಾಲದ ಕಾಟ ಇಲ್ಲ, ಮನೆ ಹೋಗುತ್ತದೆ. ಅರ್ಜೆಂಟ್ ಇರುವವರಿಗೆ, ಪಾಲುದಾರರು ಜಾಸ್ತಿ ಇರುವವರಿಗೆ ಇದು ಸರಳ. ಒಂದೇ ಎಚ್ಚರಿಕೆ. ಚಿಕ್ಕ ಮುಂಗಡ ಕೊಟ್ಟು ಉದ್ದನೆಯ ಅಗ್ರಿಮೆಂಟ್ ಬರೆಸಿಕೊಳ್ಳುವವರು ಇದ್ದಾರೆ. ಒಬ್ಬ ಬಿಲ್ಡರ್ ನಮ್ಮಿಂದ ಹೀಗೆ 11 ತಿಂಗಳ ಅಗ್ರಿಮೆಂಟ್ ಮಾಡಿಕೊಂಡು, ಆ ಕಾಗದ ಹಿಡಿದು ಬೇರೆ ಗಿರಾಕಿ ಹುಡುಕುತ್ತಾ ಓಡಾಡಿದರು. ಅಷ್ಟು ದಿನ ನಮ್ಮ ಕೈ ಕಟ್ಟಿತ್ತು. 90 ದಿನಕ್ಕಿಂತ ಜಾಸ್ತಿ ಕೊಡಬೇಡಿ. ಅಷ್ಟರಲ್ಲಿ ನೋಂದಣಿ ಆಗದಿದ್ದರೆ ಅಗ್ರಿಮೆಂಟ್ ತಾನಾಗಿಯೇ ರದ್ದು ಅಂತ ಬರೆಸಿ.

ಜಂಟಿ ಅಭಿವೃದ್ಧಿ ಬಗ್ಗೆ ನಿಧಾನವಾಗಿ ಯೋಚಿಸಬೇಕು. ಜಾಗ ನಿಮ್ಮದು, ಕಟ್ಟುವ ಖರ್ಚು ಅವರದು, ಆದ ಮೇಲೆ ಫ್ಲ್ಯಾಟುಗಳನ್ನು ಹಂಚಿಕೊಳ್ಳುವುದು. ಕೇಳಲು ಬಹಳ ಚೆಂದ. ಅಣ್ಣತಮ್ಮಂದಿರಿಗೆ ಒಂದೊಂದು ಮನೆ, ಅಜ್ಜನ ಜಾಗದಲ್ಲೇ ಎಲ್ಲರೂ ಇರಬಹುದು. ನಮ್ಮನ್ನೂ ಆರು ತಿಂಗಳು ಮರುಳು ಮಾಡಿದ್ದು ಇದೇ ಕನಸು.

ಸಾಲುಮನೆಗೆ ಇದರಲ್ಲಿ ಮೂರು ತೊಡಕು ಇವೆ. 1,200 ಚದರಡಿ ಸೈಟಿನಲ್ಲಿ ನಿಯಮದ ಪ್ರಕಾರ ಕಟ್ಟಿದರೆ ಬರುವುದು ಬೆರಳೆಣಿಕೆಯ ಫ್ಲ್ಯಾಟು. ಅದರಲ್ಲಿ ಅರ್ಧ ಬಿಲ್ಡರ್‌ದು. ಐದು ಜನ ವಾರಸುದಾರರಿಗೆ ಎರಡು ಫ್ಲ್ಯಾಟು ಬಂದರೆ ಮತ್ತೆ ಅದೇ ಜಗಳ. ಎರಡನೆಯದು ರಕ್ಷಣೆಯ ಮಾತು. 500 ಚದರ ಮೀಟರ್ ಮೀರದ ಜಾಗದ ಯೋಜನೆಗೆ, ಎಂಟು ಮನೆ ಮೀರದ ಯೋಜನೆಗೆ ರೇರಾ (ಬಿಲ್ಡರ್‌ಗಳ ಯೋಜನೆಗಳ ಮೇಲೆ ಕಣ್ಣಿಡುವ ಸರ್ಕಾರಿ ಪ್ರಾಧಿಕಾರ) ನೋಂದಣಿ ಕಡ್ಡಾಯ ಅಲ್ಲ. 1,200 ಚದರಡಿ ಅಂದರೆ ಸುಮಾರು 111 ಚದರ ಮೀಟರ್ ಅಷ್ಟೇ. ಅಂದರೆ ಕೆಲಸ ಅರ್ಧಕ್ಕೆ ನಿಂತರೆ ನಿಮ್ಮನ್ನು ಕಾಯುವುದು ನೀವು ಬರೆಸಿಕೊಂಡ ಕರಾರು ಮಾತ್ರ. ಮೂರನೆಯದು ತೆರಿಗೆ. ಕಟ್ಟಡ ಪೂರ್ಣವಾದ ಪ್ರಮಾಣಪತ್ರ ಸಿಕ್ಕ ವರ್ಷ ಲಾಭದ ತೆರಿಗೆ ಬೀಳುತ್ತದೆ. ನಿಮ್ಮ ಪಾಲಿನ ಫ್ಲ್ಯಾಟಿನ ಆ ದಿನದ ಸರ್ಕಾರಿ ಬೆಲೆ ಮೇಲೆ ಲೆಕ್ಕ. ಕೈಯಲ್ಲಿ ಫ್ಲ್ಯಾಟ್ ಇದೆ, ದುಡ್ಡು ಇಲ್ಲ, ಆದರೂ ತೆರಿಗೆ ಕಟ್ಟಬೇಕು. ಇದನ್ನು ಯಾರೂ ಮೊದಲು ಹೇಳುವುದಿಲ್ಲ.

ಜಂಟಿ ಅಭಿವೃದ್ಧಿ ಯಾರಿಗೆ ಸರಿ? ಪಕ್ಕಪಕ್ಕದ ಎರಡು ಮೂರು ಮನೆಯವರು ಒಟ್ಟಾಗಿ ಬಂದರೆ, ವಾರಸುದಾರರು ಒಬ್ಬರೋ ಇಬ್ಬರೋ ಇದ್ದರೆ, ಮೂರು ವರ್ಷ ಬೇರೆ ಕಡೆ ಇರಲು ಮನೆ ಇದ್ದರೆ. ಉಳಿದವರು ಈ ಆಸೆ ಬಿಡುವುದು ಒಳ್ಳೆಯದು ಅಂತ ನನಗೆ ಅನ್ನಿಸುತ್ತದೆ.

ಇಲ್ಲೇ ಒಂದು ಸ್ಥಳೀಯ ವಿಷಯ. ಚಾಮರಾಜಪೇಟೆಯ ಕೋಟೆ ಕಡೆಯ ಮೂಲೆಯಲ್ಲಿ ಮನೆ ಇರುವವರು ಟೇಪು ಹಿಡಿಯಲೇಬೇಕು. ಟಿಪ್ಪುವಿನ ಬೇಸಿಗೆ ಅರಮನೆ, ಕೋಟೆಯ ಉಳಿದ ಭಾಗ ಇವು ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳು. 2010ರ ಕಾನೂನಿನ ಪ್ರಕಾರ ಸಂರಕ್ಷಿತ ಜಾಗದ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆ ಇನ್ನೂ 200 ಮೀಟರ್ ತನಕ ಅನುಮತಿ ಬೇಕು. ಹಳೇ ಮನೆ ರಿಪೇರಿಗೆ ಅನುಮತಿ ಸಿಗುತ್ತದೆ. ನಿಮ್ಮ ಮನೆ ಆ 100 ಮೀಟರ್ ಒಳಗಿದ್ದರೆ ಬಿಲ್ಡರ್ ದಾರಿ ಮುಚ್ಚಿದೆ. ವಾಸಕ್ಕೆ ಕೊಳ್ಳುವವರೇ ನಿಮ್ಮ ಗಿರಾಕಿ. ಇಂಟ್ಯಾಕ್ ಥರದ, ಹಳೇ ಕಟ್ಟಡಗಳ ಸಂರಕ್ಷಣೆಗೆ ದುಡಿಯುವ ಸಂಸ್ಥೆಯವರು ನಿಮ್ಮ ಮನೆಯನ್ನು ಪಟ್ಟಿ ಮಾಡಿಕೊಂಡು ಹೋಗಿದ್ದರೆ ಹೆದರಬೇಡಿ. ಅದು ಸರ್ಕಾರೇತರ ಸಂಸ್ಥೆ. ಆ ಪಟ್ಟಿಗೆ ತಾನಾಗಿ ಕಾನೂನಿನ ಬಲ ಇಲ್ಲ. ಒಳ್ಳೆಯ ಗಿರಾಕಿಗೆ ತೋರಿಸಲು ಅದು ನಿಮಗೆ ಅನುಕೂಲವೇ.

ರಿಪೇರಿ ಮಾಡಿಸಿ ಮಾರುವುದು

ಒಡೆಯುವವರಿಗೆ ಮಾರುವುದಾದರೆ ಒಂದು ರೂಪಾಯಿ ಹಾಕಬೇಡಿ. ವಾಸಕ್ಕೆ ಬರುವವರಿಗೆ ಅಂತಾದರೂ ಕಡಿಮೆ ಹಾಕಿ. ತಾರಸಿ ಸೋರುವುದನ್ನು ನಿಲ್ಲಿಸಿ. ಹಳೇ ವೈರಿಂಗ್ ಬದಲಿಸಿ. ಒಂದು ಬಚ್ಚಲು ಮನೆ ಸರಿ ಮಾಡಿಸಿ. ಸಾಮಾನು ಖಾಲಿ ಮಾಡಿ, ಕಿಟಕಿ ತೆಗೆದು, ನೆಲ ಉಜ್ಜಿಸಿ. ಇಷ್ಟಕ್ಕೇ ಮನೆಯ ಮುಖ ಬದಲಾಗುತ್ತದೆ.

ಮಾಡಬಾರದ್ದು ಇನ್ನೂ ಮುಖ್ಯ. ಕೆಂಪು ನೆಲದ ಮೇಲೆ ಟೈಲ್ಸ್ ಹಾಕಿಸಬೇಡಿ. ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಬಳಿಸಬೇಡಿ. ಆ ಗೋಡೆ ಉಸಿರಾಡುವ ಗೋಡೆ. ಸಿಮೆಂಟ್ ತೇವವನ್ನು ಒಳಗೇ ಕಟ್ಟಿಹಾಕುತ್ತದೆ, ಎರಡು ಮಳೆಗಾಲದಲ್ಲಿ ಉಬ್ಬಿ ಬೀಳುತ್ತದೆ. ಮನೆಯನ್ನು ಮೆಚ್ಚಿ ಜಾಸ್ತಿ ಕೊಡಬಹುದಾದ ಒಬ್ಬರೇ ಗಿರಾಕಿ ಅದನ್ನು ನೋಡಿದ ಕೂಡಲೇ ಹಿಂದೆ ಸರಿಯುತ್ತಾರೆ.

ಮಾರದೆ ಬಾಡಿಗೆಗೆ

ಕಾಫಿ ಅಂಗಡಿ, ಡಿಸೈನ್ ಸ್ಟುಡಿಯೋ, ಕೈಮಗ್ಗದ ಸೀರೆ ಅಂಗಡಿ ಇಂಥವರು ಹಳೇ ಮನೆ ಹುಡುಕುತ್ತಾರೆ. ಮನೆ ಉಳಿಯುತ್ತದೆ, ತಿಂಗಳ ಆದಾಯ ಬರುತ್ತದೆ, ಜಾಗದ ಬೆಲೆ ಏರುತ್ತಾ ಹೋಗುತ್ತದೆ. ಒಬ್ಬರೇ ಮಾಲೀಕರಿದ್ದು ಅವಸರ ಇಲ್ಲದಿದ್ದರೆ ಇದು ಚೆನ್ನಾಗಿದೆ. ಆದರೆ ಆ ರಸ್ತೆಯಲ್ಲಿ ವ್ಯಾಪಾರಕ್ಕೆ ಅನುಮತಿ ಇದೆಯಾ ನೋಡಬೇಕು, ಆಸ್ತಿ ತೆರಿಗೆ ವಾಸದ ದರದ್ದಲ್ಲ, ವಾಣಿಜ್ಯದ್ದು. ಒಂದು ವರ್ಷ ದಾಟುವ ಕರಾರು ನೋಂದಣಿ ಆಗಬೇಕು. ಗೋಡೆಗೆ ಗೋಡೆ ಅಂಟಿದ ಬೀದಿಯಲ್ಲಿ ರಾತ್ರಿ ಹನ್ನೊಂದರವರೆಗೆ ಕಾಫಿ ಅಂಗಡಿ ನಡೆದರೆ ಪಕ್ಕದ ಮನೆಯ ಅಜ್ಜಿಗೆ ನಿದ್ದೆ ಬರುವುದಿಲ್ಲ. ಅದನ್ನೂ ಯೋಚಿಸಿ.

ಐದು ಜನ ಪಾಲುದಾರರಿದ್ದರೆ ಇದು ತೀರ್ಮಾನವನ್ನು ಮುಂದೂಡುವುದಷ್ಟೇ. ಈಗ ಐದು ಸಹಿ ಸಾಕು. ಇನ್ನು ಹದಿನೈದು ವರ್ಷಕ್ಕೆ ಹದಿಮೂರು ಬೇಕಾಗಬಹುದು.

ಕೈಗೆ ಬರುವ ದುಡ್ಡಿನ ಲೆಕ್ಕ

ನೋಂದಣಿ ಖರ್ಚು ಕೊಳ್ಳುವವರದು. ಮುದ್ರಾಂಕ ಶುಲ್ಕ ಶೇಕಡಾ 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್ ಸೇರಿ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇಕಡಾ 2 ಆಗಿದೆ. ಒಟ್ಟು 7.6. ಎರಡು ಕೋಟಿಗೆ 15 ಲಕ್ಷಕ್ಕೂ ಜಾಸ್ತಿ. ಚೌಕಾಸಿ ಮಾಡುವಾಗ ಅವರ ತಲೆಯಲ್ಲಿ ಈ ಮೊತ್ತ ಇರುತ್ತದೆ ಅಂತ ನೆನಪಿಡಿ.

ನಿಮ್ಮ ಕಡೆಯದು ಲಾಭದ ತೆರಿಗೆ. 2001ಕ್ಕೆ ಮೊದಲಿನ ಆಸ್ತಿಗೆ 2001ರ ಏಪ್ರಿಲ್ 1ರ ಬೆಲೆಯನ್ನು ಕೊಂಡ ಬೆಲೆ ಅಂತ ಇಟ್ಟುಕೊಳ್ಳಬಹುದು. ಆ ದಿನದ ಸರ್ಕಾರಿ ಮಾರ್ಗಸೂಚಿ ಬೆಲೆಯನ್ನು ಅದು ಮೀರುವಂತಿಲ್ಲ. 2024ರ ಜುಲೈ 23ಕ್ಕೆ ಮೊದಲೇ ನಿಮ್ಮದಾದ ಆಸ್ತಿಯಾದರೆ, ನೀವು ಇಲ್ಲಿನ ನಿವಾಸಿಯಾದರೆ, ಎರಡು ದಾರಿ ಇವೆ: ಕೊಂಡ ಬೆಲೆಗೆ ಹಣದುಬ್ಬರ ಸೇರಿಸದೆ ಶೇಕಡಾ 12.5, ಅಥವಾ ಸೇರಿಸಿ ಶೇಕಡಾ 20. ಯಾವುದು ಕಡಿಮೆಯೋ ಅದು.

ಒಂದು ಉದಾಹರಣೆ. ಮಾರಿದ್ದು 2 ಕೋಟಿಗೆ ಅಂದುಕೊಳ್ಳಿ. 2001ರ ಬೆಲೆ 20 ಲಕ್ಷ. ಮೊದಲ ದಾರಿಯಲ್ಲಿ ಲಾಭ 1.8 ಕೋಟಿ, ತೆರಿಗೆ 22.5 ಲಕ್ಷ. ಎರಡನೆಯದರಲ್ಲಿ 2025-26ರ ಹಣದುಬ್ಬರ ಸೂಚ್ಯಂಕ 376ರ ಪ್ರಕಾರ ಆ 20 ಲಕ್ಷ 75.2 ಲಕ್ಷ ಆಗುತ್ತದೆ, ತೆರಿಗೆ ಸುಮಾರು 25 ಲಕ್ಷ. ಮೊದಲನೆಯದೇ ಲಾಭ. ಈಗ 2001ರ ಬೆಲೆ 30 ಲಕ್ಷ ಅಂತಿರಲಿ. ಮೊದಲ ದಾರಿಯಲ್ಲಿ 21.25 ಲಕ್ಷ, ಎರಡನೆಯದರಲ್ಲಿ 17.44 ಲಕ್ಷ. ಸೆಸ್ ವಗೈರೆ ಬೇರೆ. ನೋಡಿ, 25 ವರ್ಷದ ಹಿಂದಿನ ಒಂದು ಅಂಕಿ ಎಷ್ಟು ಆಟ ಆಡಿಸುತ್ತದೆ! ನೋಂದಾಯಿತ ಮೌಲ್ಯಮಾಪಕರಿಂದ 2001ರ ವರದಿ ಮಾಡಿಸಿ. ಆ ಫೀಸು ಎಷ್ಟೋ ಪಟ್ಟು ವಾಪಸ್ ಬರುತ್ತದೆ.

ಪಾಲುದಾರರು ಜಾಸ್ತಿ ಇರುವುದು ಇಲ್ಲಿ ಮಾತ್ರ ವರ. ಪ್ರತಿಯೊಬ್ಬರ ಲೆಕ್ಕ ಬೇರೆ. ಆರು ತಿಂಗಳೊಳಗೆ ಒಬ್ಬೊಬ್ಬರೂ 50 ಲಕ್ಷದ ತನಕ ನಿಗದಿತ ಬಾಂಡ್‌ಗೆ ಹಾಕಿ ಅಷ್ಟರ ಮಟ್ಟಿಗೆ ತೆರಿಗೆ ಉಳಿಸಬಹುದು. ಐದು ವರ್ಷ ತೆಗೆಯುವಂತಿಲ್ಲ. ಎರಡು ವರ್ಷದೊಳಗೆ ಬೇರೆ ಮನೆ ಕೊಂಡರೂ, ಮೂರು ವರ್ಷದೊಳಗೆ ಕಟ್ಟಿದರೂ ವಿನಾಯಿತಿ ಇದೆ.

ವಿದೇಶದಲ್ಲಿರುವ ಪಾಲುದಾರರಿಗೆ ಆ ಶೇಕಡಾ 20ರ ಆಯ್ಕೆ ಇಲ್ಲ. ಮೇಲಾಗಿ ಕೊಳ್ಳುವವರು ಅವರ ಪಾಲಿನ ಇಡೀ ಮೊತ್ತದ ಮೇಲೆ ತೆರಿಗೆ ಹಿಡಿದುಕೊಳ್ಳುತ್ತಾರೆ. ಕಡಿಮೆ ಹಿಡಿಯಲು ಆದಾಯ ತೆರಿಗೆ ಇಲಾಖೆಯ ಪ್ರಮಾಣಪತ್ರ ಮೊದಲೇ ತರಿಸಬೇಕು. ಇಲ್ಲಿರುವವರ ಪಾಲಿಗೆ, ಮನೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನದಾದರೆ, ಹಿಡಿಯುವುದು ಶೇಕಡಾ 1 ಮಾತ್ರ.

"ಅರ್ಧ ಬ್ಲ್ಯಾಕ್‌ನಲ್ಲಿ ಕೊಡುತ್ತೇವೆ" ಅನ್ನುವವರು ಬಂದೇ ಬರುತ್ತಾರೆ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಹೆಚ್ಚು ನಗದು ತೆಗೆದುಕೊಂಡರೆ ತೆಗೆದುಕೊಂಡಷ್ಟೇ ದಂಡ ಬೀಳಬಹುದು, ಅದೂ ನಿಮ್ಮ ಮೇಲೆ. ಬೇಡ.

ಹಾಗಾದರೆ ನಿಮಗೆ ಯಾವುದು?

ವಯಸ್ಸಾದ ಅಪ್ಪ ಅಮ್ಮನ ಆಸ್ಪತ್ರೆ ಖರ್ಚಿಗೆ ದುಡ್ಡು ಬೇಕು ಅಂದರೆ ನೆರೆಯವರನ್ನು ಕೇಳಿ, ಆಗದಿದ್ದರೆ ಬಿಲ್ಡರ್‌ಗೆ ಪೂರ್ತಿ ಮಾರಾಟ. ಮನೆ ಉಳಿಸುವ ಆಸೆಯನ್ನು ಈ ಹೊತ್ತಿನಲ್ಲಿ ಅವರ ತಲೆಗೆ ಕಟ್ಟಬೇಡಿ.

ನಾಲ್ಕೈದು ಜನ ವಾರಸುದಾರರು, ಇಬ್ಬರು ವಿದೇಶದಲ್ಲಿ ಅಂದರೆ ನೆರೆಯವರು ಅಥವಾ ಸ್ವಂತ ದುಡ್ಡಿರುವ ವಾಸದ ಗಿರಾಕಿ. ಒಂದೇ ದಿನ ಎಲ್ಲರ ಖಾತೆಗೂ ನೇರವಾಗಿ ದುಡ್ಡು ಬೀಳಬೇಕು. ಜಂಟಿ ಅಭಿವೃದ್ಧಿಯ ಮಾತೇ ಬೇಡ.

ಒಬ್ಬರೇ ಮಾಲೀಕರು, ಕಾಗದ ಸರಿ ಇದೆ, ಅವಸರ ಇಲ್ಲ ಅಂದರೆ ಒಂದು ವರ್ಷ ಕಾದು ವಾಸಕ್ಕೆ ಬರುವವರನ್ನು ಹುಡುಕಿ. ಇಲ್ಲವೇ ಬಾಡಿಗೆಗೆ ಕೊಟ್ಟು ಇಟ್ಟುಕೊಳ್ಳಿ. ಮನೆ ಉಳಿಸುವ ಶಕ್ತಿ ನಿಜವಾಗಿ ಇರುವುದು ನಿಮ್ಮ ಕೈಯಲ್ಲಿ.

ಕಾಗದ ಇನ್ನೂ ಸರಿ ಇಲ್ಲ ಅಂದರೆ ಯಾವ ದಾರಿಯೂ ಬೇಡ. ಮೊದಲು ಕಾಗದ. ಖಾತೆ ಸರಿಯಿಲ್ಲದ ಮನೆಗೆ ಬರುವವರೆಲ್ಲ ಕಡಿಮೆ ಬೆಲೆಗೆ ಹೊಡೆದುಕೊಳ್ಳಲು ಬರುವವರೇ.

ಹಳೇ ಬಾಡಿಗೆದಾರರು ಒಳಗಿದ್ದರೆ ಅವರ ಜೊತೆ ಮೊದಲೇ ಕೂತು ಮಾತಾಡಿ, ಒಪ್ಪಂದ ಬರೆದುಕೊಳ್ಳಿ. ಮೂವತ್ತು ವರ್ಷ ಇದ್ದವರಿಗೆ ಹೊರಡಲು ಸಮಯವೂ ಸ್ವಲ್ಪ ದುಡ್ಡೂ ಕೊಡುವುದು ನ್ಯಾಯ. ಕೋರ್ಟಿಗಿಂತ ಅಗ್ಗವೂ ಹೌದು.

ಕಾಲವನ್ನೂ ನೋಡಿಕೊಳ್ಳಿ. ಆಷಾಢದಲ್ಲಿ, ಪಿತೃಪಕ್ಷದಲ್ಲಿ ನೋಂದಣಿಗೆ ಬರಲು ನಮ್ಮ ಜನ ಹಿಂಜರಿಯುತ್ತಾರೆ. ಯುಗಾದಿ ಹೊತ್ತಿಗೆ ತೋರಿಸಲು ಶುರು ಮಾಡಿದರೆ ಆಷಾಢಕ್ಕೆ ಮೊದಲು ಅಗ್ರಿಮೆಂಟಿಗೆ ಬರಬಹುದು, ಶ್ರಾವಣದಲ್ಲಿ ನೋಂದಣಿ.

ನಾವು ಕೊನೆಗೆ ಎಡಗಡೆಯ ಮನೆಯವರಿಗೇ ಕೊಟ್ಟೆವು. ಬಿಲ್ಡರ್ ಹೇಳಿದ್ದಕ್ಕಿಂತ ಶೇಕಡಾ 3 ಕಡಿಮೆ, ಆದರೆ 70 ದಿನದಲ್ಲಿ ಎಲ್ಲ ಮುಗಿಯಿತು. ಅಗ್ರಿಮೆಂಟಿನಲ್ಲಿ ನಾವು ಒಂದು ಸಾಲು ಸೇರಿಸಿದ್ದೆವು, ನೀವೂ ಮರೆಯಬೇಡಿ. ಮನೆಯಿಂದ ಏನೇನು ತೆಗೆದುಕೊಂಡು ಹೋಗುತ್ತೀರಿ ಅನ್ನುವ ಪಟ್ಟಿ. ಬರೆಯದಿದ್ದರೆ ಬಾಗಿಲು, ಕಂಬ, ತೊಲೆ ಎಲ್ಲ ಕೊಂಡವರಿಗೇ ಸೇರುತ್ತದೆ, ಒಡೆಯುವ ಗುತ್ತಿಗೆದಾರರು ಅದನ್ನು ಮರದ ಲೆಕ್ಕದಲ್ಲಿ ಮಾರಿಕೊಳ್ಳುತ್ತಾರೆ. ನಮ್ಮ ಪಟ್ಟಿಯಲ್ಲಿ ಮೂರು ಇದ್ದವು: ದೇವರ ಮನೆಯ ಬಾಗಿಲು, ಹಿತ್ತಲಿನ ರುಬ್ಬುವ ಕಲ್ಲು, ಜಗಲಿಯ ಒಂದು ಕಂಬ. ಕಂಬ ತೆಗೆಯುವಾಗ ಮೇಲಿನ ತೊಲೆಗೆ ಆನಿಕೆ ಕೊಟ್ಟು ಹಿಡಿದುಕೊಂಡವರು ಎಡಗಡೆ ಮನೆಯ ಯಜಮಾನರೇ.